ಟ್ಯಾಂಕ್ ಫಳಫಳ ಹೊಳೀತಿದೆ, ಮೀನು ಮಾತ್ರ ಉಳೀತಿಲ್ಲ

ಹೊಲಿಗೆ ಮಿಷನ್, ವಿನೋಬನಗರ

ಎಲ್ಲರಿಗೂ ನಮಸ್ಕಾರ. ನಾನು ಮನೇಲೇ ಬ್ಲೌಸ್ ಹೊಲಿಯೋಳು. ಯುಗಾದಿ ಆದ ಮೇಲೆ ಮಗಳ ಹುಟ್ಟುಹಬ್ಬಕ್ಕೆ ಅಂತ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ತಂದ್ವಿ. ಮಿಷನ್ ಎದುರಿಗೇ ಇಟ್ಟಿದೀನಿ, ಹಾಗಾಗಿ ದಿನಾ ಏಳೆಂಟು ತಾಸು ಮೀನು ನನ್ನ ಕಣ್ಣ ಮುಂದೇನೇ ಇರ್ತವೆ. ಅಂಗಡಿಯವರು ಒಂದೇ ದಿನ ನಾಲ್ಕು ಗೋಲ್ಡ್‌ಫಿಶ್, ಆರು ಟೈಗರ್ ಬಾರ್ಬ್, ಎರಡು ಏಂಜಲ್, ಎಂಟು ಗಪ್ಪಿ, ಕೊಳೆ ತಿನ್ನುತ್ತೆ ಅಂತ ಒಂದು ಸಕ್ಕರ್ ಕೊಟ್ರು. "ಎಲ್ಲಾ ಕೂಡಿ ಇರ್ತವೆ ಅಕ್ಕಾ" ಅಂದ್ರು.

ಐದು ವಾರದಲ್ಲಿ ಆರು ಗಪ್ಪಿ, ಮೂರು ಗೋಲ್ಡ್‌ಫಿಶ್ ಹೋದ್ವು. ಪ್ರತಿ ಸಲ ಮಗಳು ದಾಸವಾಳದ ಕುಂಡದಲ್ಲಿ ಮಣ್ಣು ಮಾಡ್ತಾಳೆ, ಆಮೇಲೆ ಊಟಕ್ಕೆ ಕೂರಲ್ಲ. ನಾನು ಚೊಕ್ಕಟದಲ್ಲಿ ಏನೂ ಕಮ್ಮಿ ಮಾಡಿಲ್ಲ. ಪ್ರತಿ ಭಾನುವಾರ ಮೀನನ್ನ ಬಕೆಟ್ಟಿಗೆ ಹಾಕಿ, ಕಲ್ಲು, ಫಿಲ್ಟರ್ ಸ್ಪಂಜು ಎಲ್ಲಾ ನಲ್ಲಿ ಕೆಳಗೆ ತಿಕ್ಕಿ ತೊಳೆದು, ಸಂಪಿನ ನೀರು ಪೂರ್ತಿ ಹೊಸದಾಗಿ ತುಂಬ್ತೀನಿ. ಮಂಗಳವಾರದ ಹೊತ್ತಿಗೆ ಒಂದು ತೇಲ್ತಿರುತ್ತೆ. ಹೋದ ವಾರ ನಾದಿನಿ ಮಗ ಒಂದು ಹಿಡಿ ಮಂಡಕ್ಕಿ ಟ್ಯಾಂಕಿಗೆ ಹಾಕಿಬಿಟ್ಟ, ಅವತ್ತು ರಾತ್ರೀನೇ ಎರಡು ಸತ್ವು.

ಇನ್ನೊಂದು, ಏಂಜಲ್ ಬಾಲದ ತುದಿ ಅಂಚು ಹೊಲಿಯದ ಬಟ್ಟೆ ಥರ ಎಳೆ ಎಳೆ ಬಿಟ್ಟಿದೆ. ಹೊಟ್ಟೆ ಕೆಳಗಿನ ಎರಡು ಉದ್ದ ದಾರದಲ್ಲಿ ಒಂದು ಅರ್ಧಕ್ಕೇ ನಿಂತಿದೆ. ಇದು ರೋಗಾನಾ? ಏನು ಮಾಡಲಿ?

ನೀಲಿ ಬಾಟಲ್

ಫಿನ್ ರಾಟ್, ಅಂದ್ರೆ ರೆಕ್ಕೆ ಕೊಳೆಯೋ ರೋಗ ಇರಬೇಕು. ಮೆಥಿಲೀನ್ ಬ್ಲೂ ಹಾಕಿ, ಐದು ದಿನದಲ್ಲಿ ಸರಿಹೋಗುತ್ತೆ.

ಹಳೇ ಟ್ಯಾಂಕ್, ಕೆಟಿಜೆ ನಗರ

ಅಕ್ಕಾರೆ, ಆ ನೀಲಿ ಔಷಧ ಈಗ ಹಾಕಬ್ಯಾಡ್ರಿ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಭಾನುವಾರದ ಆ ತೊಳೆತಾನೇ ನಿಮ್ಮ ಮೀನಿನ ಜೀವ ತೆಗೀತಾ ಇರೋದು. ಮೀನಿನ ಹೇಲು ಉಚ್ಚೆ, ಉಳಿದ ತಿಂಡಿ ಕೊಳೆತು ನೀರಲ್ಲಿ ಅಮೋನಿಯಾ ಆಗುತ್ತೆ. ಸ್ಪಂಜಲ್ಲಿ, ಕಲ್ಲಿನ ಮೇಲೆ ಕೂರೋ ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡ್ತವೆ. ಅದೂ ವಿಷಾನೇ. ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡ್ತವೆ, ಅದನ್ನ ಮೀನು ಸುಮಾರಿಗೆ ತಡ್ಕೊಳ್ತವೆ. ಹೊಸ ಟ್ಯಾಂಕಲ್ಲಿ ಇವು ನೆಲೆಯೂರೋಕೆ 4ರಿಂದ 6 ವಾರ ಬೇಕು. ನೀವು ವಾರಕ್ಕೊಮ್ಮೆ ಕ್ಲೋರಿನ್ ನೀರಲ್ಲಿ ಸ್ಪಂಜು ತಿಕ್ಕಿದ್ರೆ, ಹಾಲಿಗೆ ಹೆಪ್ಪು ಹಾಕಿ ಗಟ್ಟಿಯಾಗೋಕೆ ಮುಂಚೆ ಪಾತ್ರೆ ತೊಳೆದಿಟ್ಟಂಗೆ. ಮೆಥಿಲೀನ್ ಬ್ಲೂ ಕೂಡ ಈ ಬ್ಯಾಕ್ಟೀರಿಯಾನ ಕೊಲ್ಲುತ್ತೆ, ಅದಕ್ಕೇ ಬ್ಯಾಡ ಅಂದಿದ್ದು.

ಈಗ ಸಂಪಿನ ವಿಷಯ. ನಿಮ್ಮ ಸಂಪಲ್ಲಿ ಬೋರು, ನಲ್ಲಿ ಎರಡೂ ಕೂಡಿರುತ್ತಲ್ವಾ? ನಮ್ಮ ದಾವಣಗೆರೆ ನಲ್ಲಿ ನೀರು ರಾಜನಹಳ್ಳಿ ಹತ್ರ ತುಂಗಭದ್ರಾ ಹೊಳೇದು, ಇಲ್ಲಾ ಭದ್ರಾ ನಾಲೆಯಿಂದ ಕುಂದವಾಡ ಕೆರೆಗೆ, ಟಿವಿ ಸ್ಟೇಷನ್ ಕೆರೆಗೆ ತುಂಬಿದ್ದು. ಮೆತ್ತನೆ ನೀರು, ಆದ್ರೆ ಕ್ಲೋರಿನ್ ಇರುತ್ತೆ. ಬೋರ್ ನೀರು ಗಡುಸು. ಒಂದು ವಾರ ಅದು ಜಾಸ್ತಿ, ಇನ್ನೊಂದು ವಾರ ಇದು ಜಾಸ್ತಿ. ಪೂರ್ತಿ ಬದಲಾಯಿಸಿದ್ರೆ ಮೀನಿಗೆ ವಾರಕ್ಕೊಮ್ಮೆ ಊರೇ ಬದಲಾದಂಗೆ. ಇನ್ನೊಂದು ಗೊತ್ತಿರಲಿ, ನೀರಿನ ಪಿಎಚ್, ಅಂದ್ರೆ ಹುಳಿ-ಕ್ಷಾರದ ಅಳತೆ, 7ರಿಂದ 8ಕ್ಕೆ ಏರಿದ್ರೆ ಅಷ್ಟೇ ಅಮೋನಿಯಾದಲ್ಲಿ ವಿಷದ ಪಾಲು ಹತ್ತಿರ ಹತ್ತು ಪಟ್ಟು ಆಗುತ್ತೆ. ನಮ್ಮ ಮೇ ತಿಂಗಳ ಬಿಸಿಲು ಅದನ್ನ ಇನ್ನೂ ಏರಿಸುತ್ತೆ. ಆ ಮಂಡಕ್ಕಿ ಒಂದೇ ರಾತ್ರಿಗೆ ಎರಡು ಮೀನು ತಗೊಂಡಿದ್ದು ಇದಕ್ಕೇ ಇರಬೇಕು.

ಇನ್ಮೇಲೆ ಒಂದು ತಿಂಗಳು ನಾಲ್ಕು ದಿನಕ್ಕೊಮ್ಮೆ ಕಾಲು ಭಾಗ ನೀರಷ್ಟೇ ತೆಗೀರಿ, ಆಮೇಲೆ ವಾರಕ್ಕೊಮ್ಮೆ ಸಾಕು. ಹೊಸ ನೀರನ್ನ ಒಂದು ದಿನ ಮೊದಲೇ ಡ್ರಮ್ಮಲ್ಲಿ ಹಿಡಿದು, ಗಾಳಿ ಪಂಪು ಬಿಟ್ಟಿಡ್ರಿ. ಅವಸರ ಇದ್ರೆ ಅಂಗಡೀಲಿ ಆಂಟಿ ಕ್ಲೋರಿನ್ ಸಿಗುತ್ತೆ. ಸ್ಪಂಜನ್ನ ಟ್ಯಾಂಕಿಂದ ತೆಗೆದ ಹಳೇ ನೀರಲ್ಲೇ ಎರಡು ಸಲ ಹಿಂಡಿ ವಾಪಸ್ ಹಾಕ್ರಿ. ಕಂದು ಬಣ್ಣ ಪೂರ್ತಿ ಹೋಗಬಾರದು. ತಿಂಡಿ ಎರಡು ನಿಮಿಷದಲ್ಲಿ ಖಾಲಿಯಾಗೋವಷ್ಟೇ.

ಏಂಜಲ್ ಬಾಲ ನೀವೇ ಸರಿಯಾಗಿ ನೋಡಿದೀರಿ. ಅದು ಬಾರ್ಬ್ ಕಚ್ಚಿದ್ದು. ಬಾರ್ಬಿಗೆ ಉದ್ದ ರೆಕ್ಕೆ, ಜೋತಾಡೋ ದಾರ ಕಂಡ್ರೆ ಸುಮ್ನಿರೋಕಾಗಲ್ಲ. ಗೋಲ್ಡ್‌ಫಿಶ್ ತಂಪು ನೀರಿನ ಮೀನು, ಹೊಲಸೂ ಜಾಸ್ತಿ ಮಾಡುತ್ತೆ, ನಿಮ್ಮ 56 ಲೀಟರಿಗೆ ಒಂದೂ ಹೆಚ್ಚು. ಏಂಜಲಿಗೆ ಒಂದಡಿ ಎತ್ತರ ಸಾಲದು, ಬೆಳೆದ ಮೇಲೆ ಗಪ್ಪಿ ಮರೀನ ನುಂಗುತ್ತೆ. ಸಕ್ಕರ್ ಒಂದಡಿ ದಾಟಿ ಬೆಳೆಯುತ್ತೆ. ಬಾರ್ಬ್ ಬೇಕಿದ್ರೆ ಬಾರ್ಬೇ ಎಂಟು, ಇಲ್ಲಾಂದ್ರೆ ಗಪ್ಪಿ, ಮೋಲಿ. ಕೈ ಮುಗಿದು ಕೇಳ್ತೀನಿ, ಬ್ಯಾಡಾದ ಸಕ್ಕರನ್ನ ಕುಂದವಾಡ ಕೆರೆಗೋ ನಾಲೆಗೋ ಬಿಡಬ್ಯಾಡ್ರಿ. ನಮ್ಮ ದೇಶದ ಎಷ್ಟೋ ಕೆರೆ ಹೊಳೇಲಿ ಅದು ಸೇರ್ಕೊಂಡು ನಮ್ಮ ಮೀನಿನ ಜಾಗ ತಗೊಂಡೈತೆ. ಅಂಗಡಿಗೇ ವಾಪಸ್ ಕೊಡ್ರಿ. ಏಂಜಲ್ ಎರಡನ್ನೂ ನನಗೆ ಕೊಟ್ರೂ ಆಯ್ತು, ನನ್ನ ಹತ್ರ ಎತ್ತರದ ಮೂರಡಿ ಟ್ಯಾಂಕ್ ಖಾಲಿ ಐತೆ.

ಕರೆಂಟ್ ಹೋದಾಗಿನ ಮಾತೂ ಹೇಳಿಬಿಡ್ತೀನಿ. ಎರಡು ವರ್ಷದ ಹಿಂದೆ ಮೇ ತಿಂಗಳಲ್ಲೇ, ಗಾಳಿ ಮಳೆಗೆ ಕರೆಂಟ್ ಹೋಯ್ತು. ರಾತ್ರಿ ಎರಡಕ್ಕೆ ಟಾರ್ಚ್ ಬಿಟ್ಟು ನೋಡಿದ್ರೆ ಅಷ್ಟೂ ಮೀನು ಮೇಲೆ ಬಂದು ಬಾಯಿ ಬಿಡ್ತಿದ್ವು. ನೀರು ಬಿಸಿಯಾದಷ್ಟೂ ಅದರಲ್ಲಿ ಆಕ್ಸಿಜನ್ ನಿಲ್ಲೋದು ಕಮ್ಮಿ. ಚೊಂಬಲ್ಲಿ ಅದೇ ನೀರು ಎತ್ತಿ, ಒಂದಡಿ ಮೇಲಿಂದ ಸುರೀತಾ ನಾಲ್ಕು ಗಂಟೆವರೆಗೂ ಕೂತಿದ್ದೆ. ಎರಡು ಹೋದ್ವು, ಉಳಿದವು ಬದುಕಿದ್ವು. ಬ್ಯಾಟರಿ ಗಾಳಿ ಪಂಪು ಒಂದು ತಂದಿಟ್ಕೊಳ್ರಿ.

ಮೋಲಿ ಮನೆ, ಚಿತ್ರದುರ್ಗ

ಅಣ್ಣಾರ ಮಾತಿಗೆ ನಂದೂ ಒಂದು ಸೇರಿಸ್ತೀನಿ. ನಮ್ಮ ಕಡೆ ಬೋರ್ ನೀರು ಕಾಯಿಸಿದ್ರೆ ಪಾತ್ರೆ ತಳದಲ್ಲಿ ಬಿಳಿ ಪದರ ಕಟ್ಟುತ್ತೆ. ಆ ನೀರಲ್ಲಿ ಮೂರು ಸಲ ನಿಯಾನ್ ಟೆಟ್ರಾ ಇಟ್ಟೆ, ಮೂರು ಸಲಾನೂ ಕಳ್ಕೊಂಡೆ. ಅವು ಅಮೆಜಾನ್ ಕಡೆಯ ಮೆತ್ತನೆ ನೀರಿನವು. ಒಮ್ಮೆ ಬರೀ ಆರ್‌ಓ ನೀರು ತುಂಬಿಯೂ ನೋಡಿದೆ, ಅದ್ರಲ್ಲಿ ಖನಿಜ ತೀರಾ ಕಮ್ಮಿ, ಪಿಎಚ್ ನಿಲ್ಲಲೇ ಇಲ್ಲ. ಅದೇ ಬೋರ್ ನೀರಿಗೆ ಕಪ್ಪು ಮೋಲಿ ಬಿಟ್ಟೆ, ಈಗ ಕೇಳಿದವರಿಗೆಲ್ಲ ಮರಿ ಕೊಡ್ತಿದೀನಿ. ಗಪ್ಪಿಗೂ ಗಡುಸು ನೀರೇ ಇಷ್ಟ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಲಿ, ಇಲ್ಲಾಂದ್ರೆ ಗಂಡು ಹೆಣ್ಣನ್ನ ಅಟ್ಟಿಸಿ ಅಟ್ಟಿಸಿ ಸುಸ್ತು ಮಾಡ್ತವೆ.

ಹೊಲಿಗೆ ಮಿಷನ್, ವಿನೋಬನಗರ

ಮೂರು ವಾರ ಆಯ್ತು. ಒಂದೂ ಸತ್ತಿಲ್ಲ. ಬಾರ್ಬ್, ಗೋಲ್ಡ್‌ಫಿಶ್, ಸಕ್ಕರ್ ಅಂಗಡಿಗೆ ವಾಪಸ್ ಕೊಟ್ಟೆ. ದುಡ್ಡು ಕೊಡಲಿಲ್ಲ, ನಾಲ್ಕು ಹೆಣ್ಣು ಗಪ್ಪಿ ಕೊಟ್ರು. ಮೊದಲೆರಡು ವಾರ ಸ್ಪಂಜಿನ ಕಂದು ಬಣ್ಣ ನೋಡಿ ತೊಳೆಯೋಕೆ ಕೈ ತುರಿಸ್ತಿತ್ತು, ತಡ್ಕೊಂಡೆ. ನಿನ್ನೆ ಬೆಳಿಗ್ಗೆ ಕಾಜಾ ಹಾಕ್ತಾ ತಲೆ ಎತ್ತಿದ್ರೆ ಗಾಜಿನ ಮೂಲೇಲಿ ಗುಂಡುಸೂಜಿ ತಲೆಯಷ್ಟು ಕಣ್ಣು, ಹಿಂದೆ ಒಂದೆಳೆ ದಾರದಷ್ಟು ಮೈ. ಮಗಳು ಒಂಬತ್ತು ಮರಿ ಎಣಿಸಿದಾಳೆ. ದೊಡ್ಡವು ತಿಂದುಬಿಡ್ತವಾ ಅಂತ ಸ್ಕೂಲಿಗೆ ಹೋಗೋಕೂ ಮನಸ್ಸಿಲ್ಲ ಅವಳಿಗೆ.

ಅಣ್ಣಾರೆ, ನಮ್ಮನೆಯವರ ಕೈಲಿ ಕಳಿಸಿದ ಏಂಜಲ್ ಹೇಗಿವೆ?

ಹಳೇ ಟ್ಯಾಂಕ್, ಕೆಟಿಜೆ ನಗರ

ತಿಂತವೆ ಅಕ್ಕಾರೆ, ತಾಯಿನೂ ಬಿಡಲ್ಲ. ಮೇಲೆ ತೇಲೋ ಗಿಡ ದಟ್ಟವಾಗಿ ಹಾಕ್ರಿ, ಮರಿ ಅದರೊಳಗೆ ಅವಿತುಕೊಳ್ತವೆ. ತಿಂಡೀನ ಬೆರಳಲ್ಲಿ ಉಜ್ಜಿ ಪುಡಿ ಮಾಡಿ, ದಿನಕ್ಕೆ ಮೂರು ಸಲ ಚಿಟಿಕೆ ಚಿಟಿಕೆ ಉದುರಿಸ್ರಿ.

ಏಂಜಲ್ ಚೆನ್ನಾಗಿವೆ. ಹರಿದಿದ್ದ ಕಡೆ ಬಾಲ ಮತ್ತೆ ಬಂದೈತೆ, ಹೊಸದಾಗಿ ಬಂದಷ್ಟು ಭಾಗಕ್ಕೆ ಇನ್ನೂ ಬಣ್ಣ ಇಲ್ಲ, ಗಾಜಿನಂಗೆ ಆಚೆ ಕಡೆ ಕಾಣುತ್ತೆ. ಭಾನುವಾರ ಪಾಪೂನ ಕರ್ಕೊಂಡು ಬರ್ರಿ, ನೋಡಲಿ.