ಲೆಡ್ಜರ್‌ನ 24 ಪದಗಳು: ಅರ್ಧ ಇಲ್ಲಿ, ಅರ್ಧ ಊರಲ್ಲಿ ಇಟ್ಟರೆ ಸರಿನಾ?

ಹೆಬ್ಬಾಳ_ಹೋಡ್ಲರ್
2024ರ ಜುಲೈನಲ್ಲಿ ವಝೀರ್‌ಎಕ್ಸ್ ಎಕ್ಸ್‌ಚೇಂಜ್ ಹ್ಯಾಕ್ ಆಗಿದ್ದು ಗೊತ್ತಿದ್ದೂ ಎಕ್ಸ್‌ಚೇಂಜ್‌ನಲ್ಲೇ ಕಾಯಿನ್ ಬಿಡೋದು ಬೇಡ ಅಂತ ಲೆಡ್ಜರ್ (ಕ್ರಿಪ್ಟೋ ಕೀ ಇಟ್ಟುಕೊಳ್ಳೋ ಪುಟ್ಟ ಡಿವೈಸ್) ತಗೊಂಡೆ. ಮೂರು ಪ್ರಶ್ನೆ: ವಾಲೆಟ್ ಮರಳಿ ಪಡೆಯೋಕೆ ಅದು ಕೊಡೋ 24 ಪದಗಳಲ್ಲಿ 12 ಬೆಂಗಳೂರಲ್ಲಿ, 12 ಶಿರಸಿ ಮನೆಯಲ್ಲಿ ಇಡಬಹುದಾ? ಫೋಟೋ ತೆಗೆದು ಪಾಸ್‌ವರ್ಡ್ ಹಾಕಿದ ಜಿಪ್ ಮಾಡಿ ಡ್ರೈವ್‌ಗೆ ಹಾಕಿದರೆ? 25ನೇ ಪದ (ಆ 24ರ ಜೊತೆ ನಾವೇ ಸೇರಿಸೋ ಗುಪ್ತ ಪಾಸ್‌ಫ್ರೇಸ್) ಬೇಕೇ ಬೇಕಾ?

ನಟ್ಟು_ಬೋಲ್ಟು
ಕಳ್ಳನ ಲೆಕ್ಕದಲ್ಲಿ 12-12 ಸರಿಯೇ ಇದೆ. ಒಂದೊಂದು ಪದ 11 ಬಿಟ್. ಅರ್ಧ ಸಿಕ್ಕವನಿಗೆ ಇನ್ನೂ 132 ಬಿಟ್ ಬಾಕಿ. ಚೆಕ್‌ಸಮ್‌ನ (ಪದಗಳು ಸರಿಯಿವೆಯಾ ಅಂತ ನೋಡೋ ಭಾಗ) 8 ಕಳೆದರೂ 124, ಯಾರ ಕೈಲೂ ಒಡೆಯಲಾಗದು. (ಇದನ್ನೇ 12 ಪದದ ವಾಲೆಟ್‌ಗೆ ಮಾಡಬೇಡಿ. 6 ಪದ ಸಿಕ್ಕರೆ ಉಳಿಯೋದು 62 ಬಿಟ್ ಮಾತ್ರ.) ತೊಂದರೆ ಇರೋದು ಕಳೆದುಹೋಗೋದರಲ್ಲಿ: ಎರಡರಲ್ಲಿ ಯಾವ ತುಂಡು ಹೋದರೂ ದುಡ್ಡು ಹೋಯ್ತು. ಎರಡೂ ಕಡೆ ಪೂರ್ತಿ 24 ಇಡಿ.

ಶಿರಸಿ ಮಳೆಗಾಲಕ್ಕೆ ಕಾಗದ ನಂಬಬೇಡಿ. 2 ಮಿ.ಮೀ. ದಪ್ಪದ ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ತಗಡು, 3 ಮಿ.ಮೀ. ಅಕ್ಷರದ ಪಂಚ್ ಸೆಟ್, ಸುತ್ತಿಗೆ ಸಾಕು. ಅಲ್ಯೂಮಿನಿಯಂ ಬೇಡ, 660 ಡಿಗ್ರಿಗೇ ಕರಗುತ್ತೆ. ಪ್ರತಿ ಪದದ ಮೊದಲ ನಾಲ್ಕು ಅಕ್ಷರ ಹೊಡೆದರೆ ಆಯ್ತು. ಈ ಪದಗಳು ಬರೋ 2048 ಪದಗಳ ಪಟ್ಟಿಯಲ್ಲಿ ಯಾವ ಎರಡಕ್ಕೂ ಮೊದಲ ನಾಲ್ಕು ಒಂದೇ ಇಲ್ಲ. ಮೂರೇ ಅಕ್ಷರದ ಪದ ಬಂದರೆ ನಾಲ್ಕನೇ ಜಾಗದಲ್ಲಿ ಚುಕ್ಕಿ. 1ರಿಂದ 24ರ ಸಂಖ್ಯೆ ಮರೀಬೇಡಿ, ಕ್ರಮ ತಪ್ಪಿದರೆ ಆ ವಾಲೆಟ್ ತೆರೆಯಲ್ಲ. ತಗಡಿನ ಕೆಳಗೆ ದಪ್ಪ ಕಬ್ಬಿಣದ ತುಂಡಿರಲಿ. ಹಲಗೆ ಇಟ್ಟರೆ ಪಂಚ್ ಪುಟಿದು ಅಕ್ಷರ ಜೋಡಿ ಜೋಡಿಯಾಗಿ ಬೀಳುತ್ತೆ. ಕೆತ್ತನೆ ಅಂಗಡಿಗಂತೂ ಕೊಡಲೇಬೇಡಿ!

ಬೀಗದಕೈ
ಫೋಟೋ ಬೇಡವೇ ಬೇಡ ಗುರುಗಳೇ. ಗ್ಯಾಲರಿಯ ಚಿತ್ರಗಳಲ್ಲಿರೋ ಅಕ್ಷರ ಓದಿ ಈ ಪದಗಳನ್ನೇ ಹುಡುಕುವ ಸ್ಪಾರ್ಕ್‌ಕ್ಯಾಟ್ ಅನ್ನೋ ಮಾಲ್‌ವೇರ್ ಪ್ಲೇ ಸ್ಟೋರ್, ಆ್ಯಪ್ ಸ್ಟೋರ್ ಎರಡರಲ್ಲೂ ಇತ್ತು ಅಂತ ಭದ್ರತಾ ಕಂಪನಿ ಕ್ಯಾಸ್ಪರ್‌ಸ್ಕಿಯವರು 2025ರ ಫೆಬ್ರವರಿಯಲ್ಲಿ ಬಯಲಿಗೆ ತಂದರು. ನೀವು ಜಿಪ್ ಮಾಡೋ ಹೊತ್ತಿಗೆ ಫೋಟೋ ಆಗಲೇ ಕ್ಲೌಡ್‌ಗೆ ಸಿಂಕ್ ಆಗಿರುತ್ತೆ. ಜಿಪ್ ಒಂದೇ ಕಳುವಾದರೂ ಕದ್ದವನು ತನ್ನ ಮಷೀನ್‌ನಲ್ಲಿ ವರ್ಷಗಟ್ಟಲೆ ಪಾಸ್‌ವರ್ಡ್ ಊಹಿಸಬಹುದು, ತಡೆಯೋರಿಲ್ಲ. 2022ರಲ್ಲಿ ಪಾಸ್‌ವರ್ಡ್ ಇಟ್ಟುಕೊಳ್ಳೋ ಲಾಸ್ಟ್‌ಪಾಸ್‌ನಿಂದ ಕಳುವಾದ ವಾಲ್ಟ್‌ಗಳ ಅಪಾಯವೂ ಇದೇ.

25ನೇ ಪದ ಹಾಕೋದು ಒಳ್ಳೇದು. ತಗಡು ಸಿಕ್ಕವನಿಗೂ ಬರೀ ಖಾಲಿ ವಾಲೆಟ್ ಕಾಣುತ್ತೆ. ಆದರೆ ಅದಕ್ಕೆ ‘ತಪ್ಪು ಪಾಸ್‌ವರ್ಡ್’ ಅನ್ನೋ ಸಂದೇಶವೇ ಇಲ್ಲ. ದೊಡ್ಡಕ್ಷರ ಚಿಕ್ಕದಾದರೆ, ಒಂದು ಸ್ಪೇಸ್ ಜಾಸ್ತಿಯಾದರೆ ಬೇರೆಯದೇ ವಾಲೆಟ್ ತೆರೆಯುತ್ತೆ. ಅದನ್ನೂ ಬರೆದಿಡಿ, ತಗಡಿನ ಜೊತೆ ಮಾತ್ರ ಬೇಡ.

ಪೂರ್ತಿ ಮೊತ್ತ ಹಾಕುವ ಮುಂಚೆ ಸಣ್ಣ ಮೊತ್ತ ಕಳಿಸಿ, ವಿಳಾಸ ಬರೆದುಕೊಳ್ಳಿ. ಬೇಕಂತಲೇ ಮೂರು ಸಲ ತಪ್ಪು ಪಿನ್ ಒತ್ತಿ; ಲೆಡ್ಜರ್ ತನ್ನಷ್ಟಕ್ಕೆ ಅಳಿಸಿಕೊಳ್ಳುತ್ತೆ. ತಗಡು ನೋಡಿಕೊಂಡೇ ರಿಸ್ಟೋರ್ ಮಾಡಿ, 25ನೇ ಪದ ಹಾಕಿ. ಅದೇ ವಿಳಾಸ ಬಂದರೆ ಮುಂದುವರಿಯಿರಿ.

ಹಾಸನ_ನೋಡ್
ಮೇಲಿನದೆಲ್ಲ ಒಪ್ಪುತ್ತೇನೆ, ಆದರೆ ತಗಡು ಗಟ್ಟಿಯಿದ್ದರೂ ವಹಿವಾಟಿಗೆ ಒಪ್ಪಿ ಹಾಕೋ ಸಹಿಯಲ್ಲಿ ದುಡ್ಡು ಹೋಗುತ್ತೆ. 2025ರ ಫೆಬ್ರವರಿಯಲ್ಲಿ ಬೈಬಿಟ್ ಎಕ್ಸ್‌ಚೇಂಜ್‌ನಿಂದ ಸುಮಾರು 150 ಕೋಟಿ ಡಾಲರ್ ಹೋದಾಗ ಯಾರೂ ಕೀ ಕದ್ದಿರಲಿಲ್ಲ. ಸಹಿ ಹಾಕುವವರಿಗೆ ಪರದೆ ತೋರಿಸಿದ್ದೇ ಒಂದು, ಅವರು ಒಪ್ಪಿದ್ದೇ ಇನ್ನೊಂದು. ಬ್ಲೈಂಡ್ ಸೈನಿಂಗ್ (ಪೂರ್ತಿ ವಿವರ ಕಾಣದೇ ಸಹಿ ಹಾಕೋದು) ಆಫ್ ಇರಲಿ. ವಿಳಾಸವನ್ನು ಲ್ಯಾಪ್‌ಟಾಪ್‌ನಲ್ಲಲ್ಲ, ಲೆಡ್ಜರ್‌ನ ಪರದೆಯಲ್ಲಿ, ಕಳಿಸಬೇಕಾದವರು ಕೊಟ್ಟ ಮೂಲ ವಿಳಾಸದ ಜೊತೆ ಪೂರ್ತಿ ಹೋಲಿಸಿ ನೋಡಿ. ಮೊದಲ ನಾಲ್ಕು, ಕೊನೆಯ ನಾಲ್ಕು ಹೊಂದುವ ನಕಲಿ ವಿಳಾಸಗಳನ್ನು ಟ್ರಾನ್ಸಾಕ್ಷನ್ ಹಿಸ್ಟರಿಗೆ ತೂರಿಸೋದು ಹಳೇ ಆಟ. ಯಾವುದಾದರೂ ಆ್ಯಪ್ ಟೋಕನ್ ಅಪ್ರೂವಲ್ (ನಿಮ್ಮ ಟೋಕನ್ ತೆಗೆಯೋ ಅನುಮತಿ) ಕೇಳಿದರೆ ‘ಅನ್‌ಲಿಮಿಟೆಡ್’ ತೆಗೆದು ಬೇಕಾದಷ್ಟೇ ಹಾಕಿ.

ಮನೆಗೆ ಅಂಚೆಯಲ್ಲಿ ‘ಬದಲಿ ಲೆಡ್ಜರ್’ ಬಂದರೆ ಪ್ಲಗ್ ಮಾಡಬೇಡಿ. 2020ರಲ್ಲಿ ಸೋರಿಹೋದ ಲೆಡ್ಜರ್ ಗ್ರಾಹಕರ ಮನೆ ವಿಳಾಸಗಳಿಗೆ 2021ರಲ್ಲಿ ಹೀಗೇ ನಕಲಿ ಡಿವೈಸ್‌ಗಳನ್ನು ಕಳಿಸಿದ್ದರು.

ಹೆಬ್ಬಾಳ_ಹೋಡ್ಲರ್
ಸರಿ, ಎರಡು ತಗಡು, ಎರಡರಲ್ಲೂ 24. ಬೆಂಗಳೂರಿನದನ್ನು ಬ್ಯಾಂಕ್ ಲಾಕರ್‌ನಲ್ಲಿ ಇಡಲಾ?

ಬೀಗದಕೈ
ಇಡಿ. 25ನೇ ಪದ ಹಾಕಿಕೊಂಡರೆ ಅದು ಮಾತ್ರ ಲಾಕರ್‌ಗೆ ಬೇಡ. ಲಾಕರ್‌ಗೆ ನಾಮಿನಿ ಹಾಕಿಸಿ, ಆ 25ನೇ ಪದ ಎಲ್ಲಿದೆ ಅಂತ ಆ ನಾಮಿನಿಗೂ ಗೊತ್ತಿರಲಿ.