ಕೈಯಲ್ಲಿ ಹಿಡಿದು ಆಡುವ ಕನ್ಸೋಲ್‌ಗಳಲ್ಲಿ ಫಸ್ಟ್ ಪರ್ಸನ್ ಶೂಟರ್: ಗುರಿಯಿಡುವ ಕೆಲಸವನ್ನು ಯಾವುದಕ್ಕೆ ಒಪ್ಪಿಸಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಬಹಳ ಕಾಲದಿಂದ ಕಂಪ್ಯೂಟರ್‌ನಲ್ಲಿ ಕೀಬೋರ್ಡ್ ಮತ್ತು ಮೌಸ್ ಬಳಸಿ ಫಸ್ಟ್ ಪರ್ಸನ್ ಶೂಟರ್ ಆಟಗಳನ್ನು, ಅಂದರೆ ಪಾತ್ರದ ಕಣ್ಣಿನಿಂದಲೇ ನೋಡುತ್ತಾ ಗುಂಡು ಹಾರಿಸುವ ಆಟಗಳನ್ನು, ಆಡಿಕೊಂಡು ಬಂದವನು. ಈಚೆಗೆ, ಕಂಪ್ಯೂಟರ್ ಆಟಗಳನ್ನು ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಕೊಂಡಿದ್ದೇನೆ. ಓಡುವುದು, ಮರೆಯಲ್ಲಿ ನಿಲ್ಲುವುದು, ಬಾಗಿಲು ತೆರೆಯುವುದು ಎಲ್ಲವೂ ಸಲೀಸಾಗಿ ಆಗುತ್ತದೆ. ಗುರಿಯಿಡುವಾಗ ಮಾತ್ರ ಕೈ ಕಟ್ಟಿಹಾಕಿದಂತಾಗುತ್ತದೆ. ಬಲಗಡೆಯ ಸ್ಟಿಕ್‌ನ ಸೆನ್ಸಿಟಿವಿಟಿ ಹೆಚ್ಚಿಸಿದರೆ ಕ್ರಾಸ್‌ಹೇರ್ (ಪರದೆಯ ನಡುವಿನ ಗುರಿಚಿಹ್ನೆ) ಶತ್ರುವನ್ನು ದಾಟಿ ಆಚೆ ಹೋಗಿಬಿಡುತ್ತದೆ. ಕಡಿಮೆ ಮಾಡಿದರೆ, ಬೆನ್ನ ಹಿಂದಿನಿಂದ ಗುಂಡು ಹಾರಿಸಿದವನ ಕಡೆಗೆ ತಿರುಗುವಷ್ಟರಲ್ಲಿ ನನ್ನ ಕಥೆ ಮುಗಿದಿರುತ್ತದೆ.

ನನ್ನ ತಮ್ಮ ಮೊಬೈಲ್‌ನಲ್ಲಿ ಬಿಜಿಎಂಐ ಆಡುವಾಗ ಜೈರೋಸ್ಕೋಪನ್ನು (ಸಾಧನದ ತಿರುವನ್ನು ಅಳೆಯುವ ಸಂವೇದಕ) ‘ಆಲ್ವೇಸ್ ಆನ್’ ಇಟ್ಟುಕೊಂಡು, ಫೋನನ್ನೇ ಅಷ್ಟಿಷ್ಟು ವಾಲಿಸಿ ದೂರದವರನ್ನು ಹೊಡೆಯುತ್ತಾನೆ. ಡೆಕ್‌ನಲ್ಲಿಯೂ ಜೈರೋ ಇದೆ, ಜೊತೆಗೆ ಎರಡು ಟ್ರ್ಯಾಕ್‌ಪ್ಯಾಡ್‌ಗಳು, ಹಿಂಬದಿಯಲ್ಲಿ ನಾಲ್ಕು ಬಟನ್‌ಗಳು ಇವೆ. ಇಷ್ಟೆಲ್ಲ ಇರುವಾಗ ಯಾವುದನ್ನು ಯಾವ ಕೆಲಸಕ್ಕೆ ಹಚ್ಚಬೇಕು ಎಂಬುದೇ ನನಗೆ ತೋಚುತ್ತಿಲ್ಲ. ಸ್ಟಿಕ್‌ನಲ್ಲಿಯೇ ಅಭ್ಯಾಸ ಮುಂದುವರಿಸಿದರೆ ಕೈ ಪಳಗುತ್ತದೆಯೇ, ಅಥವಾ ಜೈರೋ ಕಡೆಗೆ ಈಗಲೇ ಹೊರಳುವುದು ಒಳ್ಳೆಯದೇ? ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1

ನಿಮ್ಮ ತೊಂದರೆಯ ಮೂಲ ಅಭ್ಯಾಸದ ಕೊರತೆಯಲ್ಲಿಲ್ಲ, ಸ್ಟಿಕ್ ಕೆಲಸ ಮಾಡುವ ಬಗೆಯಲ್ಲಿದೆ. ಮೌಸನ್ನು ಎಷ್ಟು ದೂರ ಸರಿಸುತ್ತೀರೋ ನೋಟ ಅಷ್ಟೇ ತಿರುಗುತ್ತದೆ, ಕೈ ನಿಂತರೆ ನೋಟವೂ ನಿಲ್ಲುತ್ತದೆ. ಸ್ಟಿಕ್ ಹಾಗಲ್ಲ. ಅದನ್ನು ಎಷ್ಟು ವಾಲಿಸುತ್ತೀರಿ ಎಂಬುದು ತಿರುಗುವ ವೇಗವನ್ನು ಮಾತ್ರ ನಿರ್ಧರಿಸುತ್ತದೆ. ಎಷ್ಟು ತಿರುಗಬೇಕೆಂಬುದನ್ನು ನೀವು ಸ್ಟಿಕ್ಕನ್ನು ಎಷ್ಟು ಹೊತ್ತು ಹಾಗೆ ಹಿಡಿದಿದ್ದೀರಿ ಎಂಬುದು ನಿರ್ಧರಿಸುತ್ತದೆ. ಅಂದರೆ ಪ್ರತಿಯೊಂದು ಗುರಿಗೂ ನೀವು ವೇಗ ಮತ್ತು ಸಮಯ ಎರಡನ್ನೂ ಅಂದಾಜು ಮಾಡಿ, ಸರಿಯಾದ ಕ್ಷಣದಲ್ಲಿ ಬೆರಳನ್ನು ಹಿಂದಕ್ಕೆ ತರಬೇಕು. ಕನ್ಸೋಲ್ ಶೂಟರ್‌ಗಳಲ್ಲಿ ಏಮ್ ಅಸಿಸ್ಟ್ ಇರುವುದು, ಅಂದರೆ ಕ್ರಾಸ್‌ಹೇರ್ ಶತ್ರುವಿನ ಮೇಲೆ ಹಾಯುವಾಗ ತಿರುಗುವ ವೇಗ ತಾನಾಗಿ ತಗ್ಗುವುದು, ಈ ಕಾರಣಕ್ಕಾಗಿಯೇ.

ಜೈರೋ ಮೌಸ್‌ನ ಗುಣವುಳ್ಳದ್ದು. ಸಾಧನವನ್ನು ತಿರುಗಿಸಿದಷ್ಟು ನೋಟ ತಿರುಗುತ್ತದೆ, ನಿಲ್ಲಿಸಿದಲ್ಲಿ ನಿಲ್ಲುತ್ತದೆ. ಆದರೆ ಕೈಯಲ್ಲಿ ಹಿಡಿದ ಕನ್ಸೋಲ್‌ಗೆ ಒಂದು ಮಿತಿ ಇದೆ: ಪರದೆಯೂ ಅದರೊಂದಿಗೇ ತಿರುಗುವುದರಿಂದ ಇಪ್ಪತ್ತು ಮೂವತ್ತು ಡಿಗ್ರಿಗಿಂತ ಹೆಚ್ಚು ತಿರುಗಿಸಿದರೆ ಆಟವೇ ಸರಿಯಾಗಿ ಕಾಣುವುದಿಲ್ಲ. ಸಾಧನದ ತಿರುವಿನ ಮೂರರಷ್ಟು ನೋಟ ತಿರುಗುವಂತೆ ಇಟ್ಟುಕೊಂಡರೆ ಇಪ್ಪತ್ತು ಡಿಗ್ರಿಗೆ ಅರವತ್ತು ಡಿಗ್ರಿ ಸಿಗುತ್ತದೆ, ಹಿಂದಕ್ಕೆ ತಿರುಗಲು ಅದು ಸಾಲದು. ಆದ್ದರಿಂದ ಜೈರೋ ಒಂದನ್ನೇ ನೆಚ್ಚಿಕೊಳ್ಳಬೇಡಿ. ದೊಡ್ಡ ತಿರುವುಗಳನ್ನು ಸ್ಟಿಕ್‌ಗೆ ಬಿಡಿ, ಗುರಿಯ ಹತ್ತಿರ ಬಂದ ಮೇಲಿನ ಕೊನೆಯ ಸೂಕ್ಷ್ಮ ತಿದ್ದುಪಡಿಯನ್ನು ಮಾತ್ರ ಜೈರೋಗೆ ಒಪ್ಪಿಸಿ. ನಿಂಟೆಂಡೊ ಸ್ವಿಚ್ ಕನ್ಸೋಲ್‌ನ ಸ್ಪ್ಲಾಟೂನ್ 2 ಈ ಹಂಚಿಕೆಯನ್ನು ಅತ್ಯಂತ ಸ್ಪಷ್ಟವಾಗಿ ಮಾಡಿದೆ. ಅಲ್ಲಿ ಜೈರೋ ಆನ್ ಇದ್ದಾಗ ಬಲ ಸ್ಟಿಕ್ ಎಡಬಲಕ್ಕೆ ಮಾತ್ರ ಕೆಲಸ ಮಾಡುತ್ತದೆ, ಮೇಲೆ ಕೆಳಗೆ ನೋಡುವುದು ಪೂರ್ತಿಯಾಗಿ ಕೈಯ ವಾಲಿಕೆಗೆ ಸೇರಿದ್ದು, ನೋಟ ಎಲ್ಲೋ ಹೋದರೆ ವೈ ಬಟನ್ ಒತ್ತಿ ನೇರಕ್ಕೆ ತಂದುಕೊಳ್ಳಬಹುದು.

ಡೆಕ್‌ನ ಸ್ಟಿಕ್‌ಗಳ ತುದಿ ಸ್ಪರ್ಶವನ್ನು ಗುರುತಿಸುತ್ತದೆ. ಬಲ ಹೆಬ್ಬೆರಳು ಸ್ಟಿಕ್‌ನ ಮೇಲೆ ಇದ್ದಾಗ ಮಾತ್ರ ಜೈರೋ ಎಚ್ಚರವಾಗಿರುವಂತೆ ಬಟನ್, ಸ್ಟಿಕ್, ಜೈರೋಗಳ ಕೆಲಸವನ್ನು ಬದಲಿಸುವ ಸ್ಟೀಮ್ ಇನ್‌ಪುಟ್‌ನಲ್ಲಿ ಹೊಂದಿಸಿಕೊಳ್ಳಿ. ಕೈ ತೀರ ಒಂದು ಪಕ್ಕಕ್ಕೆ ಹೋಗಿದ್ದರೆ ಹೆಬ್ಬೆರಳನ್ನು ಒಂದಿಷ್ಟು ಎತ್ತಿ, ಡೆಕ್ಕನ್ನು ಎದೆಯ ನೇರಕ್ಕೆ ತಂದು, ಮತ್ತೆ ಬೆರಳಿಡಿ. ಮೌಸನ್ನು ಎತ್ತಿ ಪ್ಯಾಡ್‌ನ ನಡುವೆ ಇಡುವ ನಿಮ್ಮ ಹಳೆಯ ರೂಢಿಯೇ ಇಲ್ಲಿ ನೆರವಿಗೆ ಬರುತ್ತದೆ.

ಇನ್ನು ಹಿಂಬದಿಯ ಬಟನ್‌ಗಳ ವಿಷಯ. ನೀವು ನೆಗೆಯಲು ಎ ಬಟನ್ ಒತ್ತುವ ಕ್ಷಣವನ್ನು ಗಮನಿಸಿ ನೋಡಿ. ಬಲ ಹೆಬ್ಬೆರಳು ಸ್ಟಿಕ್ಕನ್ನು ಬಿಟ್ಟು ಪಕ್ಕಕ್ಕೆ ಹೋಗುತ್ತದೆ, ಒತ್ತುತ್ತದೆ, ಮತ್ತೆ ಮರಳಿ ಸ್ಟಿಕ್‌ನ ಗುಳಿಯನ್ನು ಹುಡುಕಿಕೊಳ್ಳುತ್ತದೆ. ಅಷ್ಟು ಹೊತ್ತು ಗುರಿ ಅನಾಥ. ಡೂಮ್‌ನಂಥ, ಸದಾ ನೆಗೆಯುತ್ತಲೇ ಇರಬೇಕಾದ ಆಟದಲ್ಲಿ ಈ ನಷ್ಟ ಕೂಡುತ್ತಾ ಹೋಗುತ್ತದೆ. ನೆಗೆತವನ್ನು ಎಲ್4ಕ್ಕೆ, ಕುಳಿತುಕೊಳ್ಳುವುದನ್ನು ಎಲ್5ಕ್ಕೆ, ರೀಲೋಡನ್ನು ಆರ್4ಕ್ಕೆ ಹಾಕಿ. ಬಲ ಹೆಬ್ಬೆರಳಿಗೆ ಗುರಿಯ ಹೊರತು ಬೇರೆ ಕೆಲಸವನ್ನೇ ಕೊಡಬೇಡಿ. ಯಾವ ಸಂಖ್ಯೆಯನ್ನು ಹೆಚ್ಚು ಕಡಿಮೆ ಮಾಡುವುದಕ್ಕಿಂತಲೂ ಮೊದಲು ಆಗಬೇಕಾದ ಕೆಲಸ ಇದು.

ಉತ್ತರ 2

ಮೇಲಿನ ಉತ್ತರವನ್ನು ಒಪ್ಪುತ್ತಾ, ಈ ಪ್ರಶ್ನೆಗೆ ಹಿಂದಿನವರು ಹೇಗೆ ಉತ್ತರ ಹುಡುಕಿದರು ಎಂಬುದನ್ನೂ ಸೇರಿಸಲು ಬಯಸುತ್ತೇನೆ, ಏಕೆಂದರೆ ಇಂದಿನ ಎಲ್ಲ ಆಯ್ಕೆಗಳ ಬೀಜ ಅಲ್ಲಿಯೇ ಇದೆ.

ಸೋನಿಯ ಹಳೆಯ ಕೈ ಕನ್ಸೋಲ್ ಆದ ಪಿಎಸ್‌ಪಿಯಲ್ಲಿ ಇದ್ದದ್ದು ಎಡಗಡೆಯ ಒಂದೇ ಒಂದು ಚಪ್ಪಟೆ ಸ್ಟಿಕ್. ಕೋಡೆಡ್ ಆರ್ಮ್ಸ್ (2005), ಮೆಡಲ್ ಆಫ್ ಆನರ್: ಹೀರೋಸ್ (2006) ಮುಂತಾದ ಆಟಗಳಲ್ಲಿ ಆ ಸ್ಟಿಕ್‌ನಿಂದ ನಡೆಯುವುದು, ಬಲಗಡೆಯ ತ್ರಿಕೋನ, ಚೌಕ, ವೃತ್ತ, ಗುಣಾಕಾರ ಚಿಹ್ನೆಯ ಬಟನ್‌ಗಳಿಂದ ನೋಡುವುದು ಎಂಬ ಏರ್ಪಾಡು ಬಂತು. ಬಟನ್‌ಗೆ ಒತ್ತಿದ ಸ್ಥಿತಿ, ಒತ್ತದ ಸ್ಥಿತಿ ಎರಡೇ ಇರುವುದರಿಂದ ನಿಧಾನವಾಗಿ ತಿರುಗುವುದು ಎಂಬ ಮಾತೇ ಅಲ್ಲಿ ಬರಲಿಲ್ಲ. ತಲೆಗೆ ಗುರಿಯಿಡಬೇಕಾದರೆ ತ್ರಿಕೋನವನ್ನು ಸಣ್ಣ ಸಣ್ಣದಾಗಿ ತಟ್ಟುತ್ತಾ ಕ್ರಾಸ್‌ಹೇರನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕಾಗುತ್ತಿತ್ತು. ಕಿಲ್‌ಝೋನ್ ಸರಣಿಯ ಪಿಎಸ್‌ಪಿ ಆಟವಾದ ಲಿಬರೇಶನ್ (2006) ಮೇಲಿನಿಂದ ನೋಡುವ ಆಟವಾಗಿ ಬಂದಿತು, ಹಾಗಾಗಿ ಅದರಲ್ಲಿ ಎರಡನೆಯ ಸ್ಟಿಕ್‌ನ ಅಗತ್ಯವೇ ಬೀಳಲಿಲ್ಲ.

ಎರಡು ಪರದೆಗಳ ಕೈ ಕನ್ಸೋಲ್ ಆದ ನಿಂಟೆಂಡೊ ಡಿಎಸ್‌ನಲ್ಲಿ ಸ್ಟಿಕ್ ಒಂದೂ ಇರಲಿಲ್ಲ, ಆದರೂ ಗುರಿಯ ಮಟ್ಟಿಗೆ ಅದು ಪಿಎಸ್‌ಪಿಗಿಂತ ಬಹಳ ಮುಂದಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೆಟ್ರಾಯ್ಡ್ ಪ್ರೈಮ್ ಹಂಟರ್ಸ್ (2006) ಆಟದಲ್ಲಿ ಎಡ ಹೆಬ್ಬೆರಳು ಡಿ-ಪ್ಯಾಡ್‌ನಿಂದ (ನಾಲ್ಕು ದಿಕ್ಕಿನ ಬಟನ್) ನಡೆಸುತ್ತದೆ, ಎಡ ತೋರುಬೆರಳು ಎಲ್ ಬಟನ್‌ನಿಂದ ಗುಂಡು ಹಾರಿಸುತ್ತದೆ, ಬಲಗೈಯ ಸ್ಟೈಲಸ್ ಕೆಳಪರದೆಯ ಮೇಲೆ ಎಳೆದಷ್ಟು ನೋಟ ತಿರುಗುತ್ತದೆ. ಪರದೆಯನ್ನು ಎರಡು ಬಾರಿ ತಟ್ಟಿದರೆ ನೆಗೆತ. ಮೌಸ್‌ನಂತೆಯೇ ಎಳೆದಷ್ಟೇ ತಿರುವು ಸಿಗುವುದರಿಂದ ನಿಖರತೆಗೆ ಕೊರತೆಯಿರಲಿಲ್ಲ, ಎಡಗೈ ಬಳಸುವವರಿಗೆ ಇದನ್ನೆಲ್ಲ ಅದಲು ಬದಲು ಮಾಡುವ ಆಯ್ಕೆಯೂ ಇತ್ತು. ಕೊರತೆಯಿದ್ದದ್ದು ಬೇರೆ ಕಡೆ. 275 ಗ್ರಾಂ ತೂಕದ ಮೊದಲ ಡಿಎಸ್ಸನ್ನು ಎಡಗೈಯೊಂದೇ ಹೊರಬೇಕು, ಅದೇ ಕೈ ನಡೆಸಬೇಕು, ಅದೇ ಕೈ ಗುಂಡನ್ನೂ ಹಾರಿಸಬೇಕು. ಸ್ವಲ್ಪ ಹೊತ್ತಿನಲ್ಲಿಯೇ ಹೆಬ್ಬೆರಳಿನ ಬುಡ ನೋಯತೊಡಗುತ್ತದೆ. 3ಡಿಎಸ್‌ಗೆ ಬಂದ ಕಿಡ್ ಇಕಾರಸ್: ಅಪ್‌ರೈಸಿಂಗ್ (2012) ಫಸ್ಟ್ ಪರ್ಸನ್ ಆಟವಲ್ಲದಿದ್ದರೂ ಸ್ಟೈಲಸ್‌ನ ಇದೇ ಹಂಚಿಕೆಯನ್ನು ಬಳಸಿತು, ಮತ್ತು ಸಾಧನವನ್ನು ಮೇಜಿನ ಮೇಲೆ ನಿಲ್ಲಿಸಲು ಒಂದು ಸ್ಟ್ಯಾಂಡನ್ನು ಆಟದ ಪೆಟ್ಟಿಗೆಯಲ್ಲಿಯೇ ಇಟ್ಟು ಮಾರಲಾಯಿತು.

ಪಿಎಸ್‌ಪಿಯ ನಂತರ ಬಂದ ಸೋನಿಯ ವೀಟಾ ಎರಡು ಸ್ಟಿಕ್‌ಗಳನ್ನು ತಂದಿತು, ಕಿಲ್‌ಝೋನ್: ಮರ್ಸಿನರಿ (2013) ಅದರ ಮೇಲೆ ನಿಜವಾಗಿ ಆಡಬಲ್ಲ ಶೂಟರ್ ಆಯಿತು. ಆದರೆ ವೀಟಾಗೆ ಎರಡನೆಯ ಜೋಡಿ ಭುಜದ ಬಟನ್‌ಗಳಿಲ್ಲ, ಹಾಗಾಗಿ ದೊಡ್ಡ ಕನ್ಸೋಲ್‌ನಲ್ಲಿ ಅವುಗಳ ಪಾಲಿಗಿದ್ದ ಕೆಲಸಗಳು ಸ್ಪರ್ಶಪರದೆಗೋ ಬೆನ್ನಿನ ಟಚ್‌ಪ್ಯಾಡ್‌ಗೋ ಹೋಗಬೇಕಾಯಿತು. ಬೆರಳಿಗೆ ಉಬ್ಬಿದ ಬಟನ್ ಸಿಗದೆ ನುಣುಪು ಮೈ ಸಿಕ್ಕಾಗ, ಒತ್ತಿದೆನೋ ಇಲ್ಲವೋ ಎಂಬ ಅನುಮಾನ ಆಟದ ನಡುವೆ ಉಳಿದೇ ಉಳಿಯುತ್ತದೆ. ಸ್ವಿಚ್‌ನಲ್ಲಿ ಡೂಮ್ 2017ರ ನವೆಂಬರ್‌ನಲ್ಲಿ ಜೈರೋ ಇಲ್ಲದೆ ಬಿಡುಗಡೆಯಾಗಿ, ಮರುವರ್ಷದ ಅಪ್‌ಡೇಟ್‌ನಲ್ಲಿ ಅದನ್ನು ಪಡೆಯಿತು. ಆ ಬಳಿಕ ಸ್ವಿಚ್‌ಗೆ ಬರುವ ಶೂಟರ್‌ನಲ್ಲಿ ಜೈರೋ ಇದೆಯೇ ಎಂದು ಆಟಗಾರರು ಮೊದಲೇ ಕೇಳುವುದನ್ನು ನಾನು ಕಂಡಿದ್ದೇನೆ. ಆ ಪ್ರಶ್ನೆ ನ್ಯಾಯವಾದದ್ದು.

ಉತ್ತರ 3

ಮೊದಲ ಉತ್ತರದಲ್ಲಿ ಸ್ಟಿಕ್‌ಗೆ ಸಲ್ಲಬೇಕಾದಷ್ಟು ಗೌರವ ಸಂದಿಲ್ಲ ಎನಿಸಿತು. ಜೈರೋ ಅಳೆಯುವುದು ಸಾಧನದ ತಿರುವನ್ನು. ಆ ತಿರುವಿಗೆ ನಿಮ್ಮ ಕೈ ಕಾರಣವೋ, ನೀವು ಕುಳಿತ ಬಸ್ಸು ಕಾರಣವೋ ಅದಕ್ಕೆ ತಿಳಿಯದು. ಆಗುಂಬೆ ಘಾಟಿಯಲ್ಲಿ ಬಸ್ಸು ಒಂದು ಹಿಮ್ಮುರಿ ತಿರುವು ತೆಗೆದುಕೊಂಡರೆ ಆಟದೊಳಗಿನ ನಿಮ್ಮ ನೋಟವೂ ಅದರೊಂದಿಗೆ ಗೋಡೆಯ ಕಡೆಗೆ ಹೋಗುತ್ತದೆ. ಕೈಯಲ್ಲಿ ಹಿಡಿಯುವ ಕನ್ಸೋಲನ್ನು ಪ್ರಯಾಣಕ್ಕೆಂದೇ ಕೊಳ್ಳುವ ನನ್ನಂಥವರಿಗೆ ಇದು ಸಣ್ಣ ಮಾತಲ್ಲ. ಅಲ್ಲದೆ ಮೊದಲ ಸ್ಟೀಮ್ ಡೆಕ್‌ನ ತೂಕ 669 ಗ್ರಾಂ. ಫೋನನ್ನು ವಾಲಿಸುವ ಮಣಿಕಟ್ಟಿಗೂ ಇದನ್ನು ವಾಲಿಸುವ ಮಣಿಕಟ್ಟಿಗೂ ಬಹಳ ವ್ಯತ್ಯಾಸವಿದೆ, ತಮ್ಮನ ಬಿಜಿಎಂಐ ಅಭ್ಯಾಸ ಇಲ್ಲಿ ಹಾಗೆಯೇ ಹೊಂದುತ್ತದೆ ಎಂದು ತಿಳಿಯಬೇಡಿ.

ಸ್ಟಿಕ್ಕನ್ನು ಕೈಬಿಡುವ ಮೊದಲು ಎರಡು ಸಂಗತಿಗಳನ್ನು ಪರೀಕ್ಷಿಸಿ. ಮೊದಲನೆಯದು ಡೆಡ್‌ಝೋನ್. ಸ್ಟಿಕ್ ನಡುವಿನಲ್ಲಿ ಎಷ್ಟು ದೂರ ವಾಲುವವರೆಗೆ ಆಟ ಸುಮ್ಮನಿರಬೇಕು ಎಂಬುದನ್ನು ಅದು ಹೇಳುತ್ತದೆ. ಅನೇಕ ಆಟಗಳು ಇದನ್ನು ಧಾರಾಳವಾಗಿ ಇಟ್ಟಿರುತ್ತವೆ, ಸ್ಟೀಮ್ ಇನ್‌ಪುಟ್ ಕೂಡ ತನ್ನದೊಂದನ್ನು ಸೇರಿಸಬಹುದು. ಎರಡೂ ಕೂಡಿದರೆ ಸೂಕ್ಷ್ಮವಾಗಿ ಗುರಿ ತಿದ್ದಲು ಬೇಕಾದ ಮೊದಲ ಕೆಲವು ಮಿಲಿಮೀಟರ್ ಪೂರ್ತಿ ವ್ಯರ್ಥವಾಗುತ್ತದೆ. ಬೆರಳು ತೆಗೆದಾಗ ನೋಟ ತಾನಾಗಿ ಜಾರದಷ್ಟು ಮಟ್ಟಕ್ಕೆ ಅದನ್ನು ಇಳಿಸಿ. ಎರಡನೆಯದು ರೆಸ್ಪಾನ್ಸ್ ಕರ್ವ್. ವಾಲಿಕೆಯ ಆರಂಭದಲ್ಲಿ ವೇಗ ಮೆಲ್ಲಗೆ ಏರಿ, ಅಂಚಿನ ಬಳಿ ಥಟ್ಟನೆ ಹೆಚ್ಚುವಂಥ ಕರ್ವ್ ಆರಿಸಿಕೊಂಡರೆ ನೀವು ಹೇಳಿದ ಎರಡೂ ದೂರುಗಳು, ದಾಟಿಹೋಗುವುದು ಮತ್ತು ತಿರುಗಲು ತಡವಾಗುವುದು, ಒಟ್ಟಿಗೇ ತಗ್ಗುತ್ತವೆ.

ಮತ್ತೊಂದು ಮಾತು: ಓಡುವ ಕಾಲುಗಳೂ ಗುರಿಯ ಭಾಗವೇ. ಕ್ರಾಸ್‌ಹೇರ್ ಶತ್ರುವಿನಿಂದ ಕೂದಲೆಳೆಯಷ್ಟು ಪಕ್ಕಕ್ಕಿದ್ದರೆ ಬಲ ಸ್ಟಿಕ್ಕನ್ನು ಮುಟ್ಟದೆ ಎಡ ಸ್ಟಿಕ್‌ನಿಂದ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಮೌಸ್‌ನಿಂದ ಬಂದವರು ಇದನ್ನು ಗಮನಿಸುವುದೇ ಇಲ್ಲ, ಕನ್ಸೋಲ್‌ನಲ್ಲಿ ಬೆಳೆದವರಿಗೆ ಇದು ಉಸಿರಾಟದಷ್ಟು ಸಹಜ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನೆಗೆತವನ್ನು ಎಲ್4ಕ್ಕೆ ಹಾಕಿದ್ದೇ ತಡ, ಅರ್ಧ ತೊಂದರೆ ಕಳೆಯಿತು. ಡೆಡ್‌ಝೋನ್ ಇಳಿಸಿದ್ದರಿಂದಲೂ ವ್ಯತ್ಯಾಸ ಕಾಣುತ್ತಿದೆ. ಆದರೆ ಜೈರೋವನ್ನು ಮೌಸ್ ಎಂದು ಹೊಂದಿಸಿದಾಗ ಒಂದು ಆಟದಲ್ಲಿ ಪರದೆಯ ಮೇಲಿನ ಬಟನ್ ಚಿಹ್ನೆಗಳು ಕೀಬೋರ್ಡ್‌ನವು, ಕಂಟ್ರೋಲರ್‌ನವು ಎಂದು ಕ್ಷಣಕ್ಷಣಕ್ಕೂ ಬದಲಾಗುತ್ತವೆ, ಆಟವೂ ಆಗಾಗ ತಡವರಿಸುತ್ತದೆ. ಹಾಗೆಯೇ ಹಾಸಿಗೆಯ ಮೇಲೆ ಒರಗಿ ಆಡುವಾಗ ಎಡಬಲದ ತಿರುವು ಸರಿಯಾಗಿ ಬರುವುದಿಲ್ಲ. ಇವೆರಡಕ್ಕೆ ಪರಿಹಾರವಿದೆಯೇ?

ಉತ್ತರ 1ರವರಿಂದ ಮತ್ತೆ

ಮೊದಲು ಉತ್ತರ 3ರವರಿಗೆ: ಬಸ್ಸಿನ ಮಾತು ಪೂರ್ಣ ಸತ್ಯ. ಪ್ರಯಾಣಕ್ಕೆಂದು ಜೈರೋ ಇಲ್ಲದ ಇನ್ನೊಂದು ಲೇಔಟನ್ನು ಪ್ರತ್ಯೇಕವಾಗಿ ಉಳಿಸಿಕೊಂಡರೆ ಬೇಕಾದಾಗ ಬದಲಾಯಿಸಬಹುದು.

ಚಿಹ್ನೆಗಳು ಬದಲಾಗುವುದು, ಒಂದೇ ಹೊತ್ತಿಗೆ ಮೌಸ್ ಮತ್ತು ಕಂಟ್ರೋಲರ್ ಎರಡರಿಂದಲೂ ಸಂಕೇತ ಬರುವುದನ್ನು ಆ ಆಟ ನಿರೀಕ್ಷಿಸದಿರುವುದರಿಂದ. ಇದಕ್ಕೆ ಎರಡು ದಾರಿಗಳಿವೆ, ಎರಡಕ್ಕೂ ಬೆಲೆ ಇದೆ. ಎಲ್ಲ ಬಟನ್‌ಗಳನ್ನೂ ಕೀಬೋರ್ಡ್ ಮತ್ತು ಮೌಸ್‌ನ ಕೀಲಿಗಳಾಗಿಯೇ ಹೊಂದಿಸಿದರೆ ಜೈರೋದ ನಿಖರತೆ ಪೂರ್ತಿ ಉಳಿಯುತ್ತದೆ, ಆದರೆ ಎಡ ಸ್ಟಿಕ್ ನಾಲ್ಕು ಕೀಲಿಗಳಾಗಿ ಬದಲಾಗುವುದರಿಂದ ಮೆಲ್ಲಗೆ ನಡೆಯುವುದು, ಅಂದರೆ ಉತ್ತರ 3ರವರು ಹೇಳಿದ ಅರ್ಧ ಹೆಜ್ಜೆ, ಕೈತಪ್ಪುತ್ತದೆ. ಏಮ್ ಅಸಿಸ್ಟ್ ಕೂಡ ಸಾಮಾನ್ಯವಾಗಿ ಸಿಗದು. ಇನ್ನೊಂದು ದಾರಿಯಲ್ಲಿ ಜೈರೋವನ್ನು ಬಲ ಸ್ಟಿಕ್‌ನ ಸಂಕೇತವಾಗಿ ಕಳುಹಿಸಬಹುದು. ಆಗ ಆಟಕ್ಕೆ ಗೊಂದಲವಿಲ್ಲ, ಆದರೆ ಆಟದ ಡೆಡ್‌ಝೋನ್ ಸಣ್ಣ ಚಲನೆಗಳನ್ನು ನುಂಗುತ್ತದೆ. ಆಟದ ಸೆಟ್ಟಿಂಗ್‌ನಲ್ಲಿ ಡೆಡ್‌ಝೋನನ್ನು ಸೊನ್ನೆಯ ಹತ್ತಿರ ತರಲು ಸಾಧ್ಯವಿದ್ದರೆ ಎರಡನೆಯ ದಾರಿ ಹಿಡಿಯಿರಿ, ಇಲ್ಲವಾದರೆ ಮೊದಲನೆಯದೇ ಮೇಲು.

ಒರಗಿದಾಗಿನ ತೊಂದರೆಗೆ ಕಾರಣ ನೀವು ಡೆಕ್ ಹಿಡಿಯುವ ಕೋನ. ಪರದೆ ಮುಖದ ಎದುರಿಗೆ ನೇರವಾಗಿದ್ದಾಗ ನಾವು ಅದನ್ನು ಎಡಬಲಕ್ಕೆ ಹೊರಳಿಸುತ್ತೇವೆ. ಅದು ತೊಡೆಯ ಮೇಲೆ ಮಲಗಿದಂತಿದ್ದಾಗ ಅದೇ ಕೈಚಲನೆ ಸಾಧನದ ಪಾಲಿಗೆ ಸ್ಟಿಯರಿಂಗ್ ತಿರುಗಿಸಿದಂತಾಗುತ್ತದೆ. ಮೊದಲನೆಯದನ್ನು ಸೆಟ್ಟಿಂಗ್‌ನಲ್ಲಿ ಯಾ ಎಂದೂ, ಎರಡನೆಯದನ್ನು ರೋಲ್ ಎಂದೂ ಕರೆಯುತ್ತಾರೆ. ಎರಡನ್ನೂ ಕೂಡಿಸುವ ಆಯ್ಕೆ ಇದೆ, ಅದನ್ನು ಹಾಕಿಕೊಂಡರೆ ನಡುವಿನ ಯಾವ ಕೋನದಲ್ಲಿಯೂ ಎಡಬಲ ಕೈಗೆ ಸಿಗುತ್ತದೆ. ತಿರುವು ವಿರುದ್ಧ ದಿಕ್ಕಿಗೆ ಹೋದರೆ ರೋಲ್ ಒಂದನ್ನೇ ಉಲ್ಟಾ ಮಾಡಿ ನೋಡಿ. ಇದು ಸರಿಹೋದ ಮೇಲೆ ಲಂಬದ ಸೆನ್ಸಿಟಿವಿಟಿಯನ್ನು ಅಡ್ಡದ್ದಕ್ಕಿಂತ ತುಸು ಕಡಿಮೆ ಇಟ್ಟುಕೊಳ್ಳಿ, ಒರಗಿ ಆಡುವಾಗ ಉಸಿರಿನ ಏರಿಳಿತಕ್ಕೆ ಕ್ರಾಸ್‌ಹೇರ್ ಕುಣಿಯುವುದು ನಿಲ್ಲುತ್ತದೆ.