ಚೀನಾ ಪ್ರವಾಸ: ಬಹುಕಾಲ ನೆನಪಿನಲ್ಲಿ ಉಳಿದದ್ದು ಯಾವುದು?

ಪ್ರಶ್ನೆ, ಧಾರವಾಡದಿಂದ:
ಮುಂದಿನ ವರ್ಷ ನಾನು ಮತ್ತು ನನ್ನ ಪತ್ನಿ ಚೀನಾ ನೋಡಿಬರಬೇಕೆಂದಿದ್ದೇವೆ. ಇಬ್ಬರೂ ನಿವೃತ್ತರು, ಸಸ್ಯಾಹಾರಿಗಳು. ಪ್ರವಾಸ ಸಂಸ್ಥೆಯವರು ಕೊಟ್ಟ ಪಟ್ಟಿಯಲ್ಲಿ ಬೀಜಿಂಗ್, ಶಾಂಘೈ, ಶೆನ್‌ಜೆನ್ ನಗರಗಳಷ್ಟೇ ಇವೆ. ಹೋಗಿಬಂದವರಿಗೆ ಇಂದಿಗೂ ನೆನಪಾಗುವ ಸ್ಥಳ ಯಾವುದು, ಅದು ಏಕೆ ನೆನಪಿನಲ್ಲಿ ಉಳಿಯಿತು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ, ಮೈಸೂರಿನಿಂದ:
ಶೆನ್‌ಜೆನ್ ಬಿಟ್ಟು, ಆ ದಿನಗಳನ್ನು ಷಿಆನ್ ಮತ್ತು ದುನ್‌ಹುವಾಂಗ್‌ಗಳಿಗೆ ಕೊಡಿ ಎಂಬುದು ನನ್ನ ಸಲಹೆ. ಎತ್ತರದ ಕಟ್ಟಡಗಳು ನೋಡುವ ಹೊತ್ತಿಗೆ ಬೆರಗು ಹುಟ್ಟಿಸುತ್ತವೆ, ನಿಜ. ಆದರೆ ಈಗ ಅವುಗಳಲ್ಲಿ ಯಾವುದು ಯಾವ ಊರಿನದು ಎಂದು ಕೇಳಿದರೆ ನಾನು ಹೇಳಲಾರೆ.

ಷಿಆನ್ ಎಂದೊಡನೆ ಎಲ್ಲರೂ ಮಣ್ಣಿನ ಸೈನಿಕರ ಮಾತೆತ್ತುತ್ತಾರೆ. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಕಂಡ ಈ ಸೇನೆಯನ್ನು ಕ್ರಿಸ್ತಪೂರ್ವ ಮೂರನೆಯ ಶತಮಾನದ ಚಕ್ರವರ್ತಿ ಚಿನ್ ಷಿ ಹುವಾಂಗ್‌ನ ಸಮಾಧಿಯ ಕಾವಲಿಗಾಗಿ ಮಾಡಲಾಗಿತ್ತು. ಜನರು ಒಂದನೆಯ ಗುಂಡಿಯ ಮುಂಭಾಗದಲ್ಲಿ ನೂಕುನುಗ್ಗಲಿನ ನಡುವೆ ಚಿತ್ರ ತೆಗೆದುಕೊಂಡು ಹೊರಟುಬಿಡುತ್ತಾರೆ. ನೀವು ಹಿಂಬದಿಯವರೆಗೂ ನಡೆದು ಹೋಗಿ. ಒಡೆದ ಮುಂಡ, ತೋಳು, ತಲೆಗಳನ್ನು ತಜ್ಞರು ಜೋಡಿಸುತ್ತಿರುವುದು ಅಲ್ಲಿ ಕಾಣುತ್ತದೆ, ನೆಟ್ಟಗೆ ನಿಂತಿರುವ ಸಾಲುಗಳ ಹಿಂದೆ ಎಷ್ಟು ದುಡಿಮೆ ಇದೆ ಎಂಬುದು ಆಗ ಅರ್ಥವಾಗುತ್ತದೆ. ಈ ಪ್ರತಿಮೆಗಳಿಗೆ ಒಂದು ಕಾಲದಲ್ಲಿ ಬಣ್ಣವಿತ್ತು. ಮಣ್ಣಿನಿಂದ ಹೊರಬಂದು ಒಣ ಗಾಳಿ ತಾಗಿದಾಗ ಅದರ ಬಹುಪಾಲು ಎದ್ದುಹೋಯಿತು.

ಆದರೆ ಆ ಊರಿನಲ್ಲಿ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ದಾಯನ್ ಗೋಪುರ. ನಮ್ಮ ಶಾಲಾ ಪಠ್ಯಗಳಲ್ಲಿ ಇಮ್ಮಡಿ ಪುಲಕೇಶಿಯ ಪಾಠದೊಂದಿಗೆ ಬರುವ ಹ್ಯೂಯೆನ್ ತ್ಸಾಂಗ್ 645ರಲ್ಲಿ ಭಾರತದಿಂದ ಹಿಂದಿರುಗಿದ್ದು ಇದೇ ಊರಿಗೆ, ಅಂದಿನ ಛಾಂಗ್‌ಆನ್‌ಗೆ. ತಂದ ಗ್ರಂಥಗಳನ್ನು ಕಾಪಾಡಲು 652ರಲ್ಲಿ ಈ ಗೋಪುರ ಎದ್ದಿತು, ಮುಂದೆ ಅದನ್ನು ಮತ್ತೆ ಕಟ್ಟಲಾಯಿತು. ಹರ್ಷನಿಗೂ ಮಣಿಯದ ಪುಲಕೇಶಿಯನ್ನೂ ಅವನ ನಾಡಿನ ಜನರ ಕೆಚ್ಚನ್ನೂ ಬರೆದಿಟ್ಟ ಭಿಕ್ಷು, ಉಳಿದ ಆಯುಷ್ಯದ ಬಹುಭಾಗವನ್ನು ಸಂಸ್ಕೃತ ಗ್ರಂಥಗಳ ಅನುವಾದಕ್ಕೇ ಮೀಸಲಿಟ್ಟನೆಂಬುದನ್ನು ತಿಳಿದು ಆ ಮೆಟ್ಟಿಲುಗಳನ್ನು ಹತ್ತಿದರೆ, ಬಾದಾಮಿಯನ್ನು ಕಂಡ ನಮ್ಮಂಥವರಿಗೆ ಅದು ಪರದೇಶದ ಕಟ್ಟಡವೆನಿಸುವುದಿಲ್ಲ. ಸಮಯವಿದ್ದರೆ ಮಿಂಗ್ ರಾಜವಂಶದ ಕಾಲದ (14ರಿಂದ 17ನೆಯ ಶತಮಾನ) ಕೋಟೆಗೋಡೆಯ ಮೇಲೆ ಬಾಡಿಗೆ ಸೈಕಲ್ ತುಳಿಯಬಹುದು.

ದುನ್‌ಹುವಾಂಗ್ ದೂರದ ಊರು, ಗೋಬಿ ಮರುಭೂಮಿಯ ಅಂಚಿನಲ್ಲಿದೆ. ಷಿಆನ್‌ನಿಂದ ವಿಮಾನದಲ್ಲಿ ಹೋಗುವುದು ಹಿತ. ಅಲ್ಲಿನ ಮೊಗಾವೋ ಬೌದ್ಧ ಗುಹೆಗಳ ಕೆಲಸ 366ರಲ್ಲಿ ಆರಂಭವಾಗಿ ಸುಮಾರು ಸಾವಿರ ವರ್ಷ ನಡೆಯಿತೆನ್ನುತ್ತಾರೆ. ಚಿತ್ರ ಮತ್ತು ಶಿಲ್ಪಗಳಿರುವ 492 ಗುಹೆಗಳು ಇಂದಿಗೂ ಉಳಿದಿವೆ. ಪೂರ್ಣ ದರದ ಟಿಕೆಟ್ ಕೊಂಡರೂ ತೋರಿಸುವುದು ಎಂಟು ಗುಹೆಗಳನ್ನು ಮಾತ್ರ, ಯಾವ ಎಂಟು ಎಂಬುದನ್ನು ಮಾರ್ಗದರ್ಶಕರೇ ನಿರ್ಧರಿಸುತ್ತಾರೆ. ಒಳಗೆ ದೀಪವಿಲ್ಲ, ಚಿತ್ರ ತೆಗೆಯುವಂತಿಲ್ಲ. ಮಾರ್ಗದರ್ಶಕರ ಟಾರ್ಚಿನ ಬೆಳಕು ಬಿದ್ದಷ್ಟೇ ಕಾಣುವುದು. ಈ ಕಟ್ಟುಪಾಡು ನನಗೆ ಒಳ್ಳೆಯದೆಂದೇ ತೋರಿತು, ಏಕೆಂದರೆ ಫೋನನ್ನು ಎತ್ತಿ ಹಿಡಿಯುವ ಅವಕಾಶವೇ ಇಲ್ಲದಿರುವುದರಿಂದ ಎಲ್ಲರೂ ಗೋಡೆಯನ್ನೇ ನೋಡುತ್ತಾರೆ. 1900ರಲ್ಲಿ ಸಾವಿರಾರು ಹಸ್ತಪ್ರತಿಗಳು ದೊರೆತ 17ನೆಯ ಗುಹೆ ಒಂದು ಪುಟ್ಟ ಕೋಣೆಯಷ್ಟೇ ಇದೆ. 1907ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಆರೆಲ್ ಸ್ಟೈನ್ ಅಲ್ಲಿಂದ ಹೊತ್ತೊಯ್ದ ಸಂಪತ್ತಿನಲ್ಲಿ ಒಂದು ಪಾಲು ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೂ ಸೇರಿದೆ. ಹೊರಡುವ ಮುನ್ನ ಅಜಂತಾವನ್ನು ಒಮ್ಮೆ ನೋಡಿಕೊಂಡರೆ ಮೊಗಾವೋ ಗೋಡೆಗಳಲ್ಲಿ ಬಹಳಷ್ಟು ಪರಿಚಿತವೆನಿಸುತ್ತದೆ.

ಉತ್ತರ, ಸಿಂಗಪುರದಿಂದ:
ಮೇಲಿನ ಮಾತುಗಳನ್ನು ಒಪ್ಪುತ್ತೇನೆ, ಆದರೆ ಭಾರತದ ನಂಟನ್ನೇ ಹುಡುಕುವುದಾದರೆ ಆಗ್ನೇಯ ಕರಾವಳಿಯ ಛ್ವಾನ್‌ಝೌ ಬಂದರನ್ನು ಬಿಡಬೇಡಿ. ಅಲ್ಲಿನ ಕಾಯ್‌ಯ್ವಾನ್ ಬೌದ್ಧ ದೇವಾಲಯದ ಮುಖ್ಯ ಮಂಟಪದ ಹಿಂಬದಿಗೆ ಹೋದರೆ, ನರಸಿಂಹನನ್ನೂ ಕೃಷ್ಣನನ್ನೂ ಕೆತ್ತಿದ ಕಲ್ಲಿನ ಕಂಬಗಳು ಕಾಣಿಸುತ್ತವೆ. ತಮಿಳು ವರ್ತಕರು ನೆಲೆಸಿದ್ದ ಈ ಊರಿನಲ್ಲಿ ಹಿಂದೆ ಇದ್ದ ಹಿಂದೂ ದೇಗುಲವೊಂದು ನಾಶವಾದ ಮೇಲೆ ಅದರ ಕಲ್ಲುಗಳನ್ನು ಮಿಂಗ್ ಕಾಲದ ಜೀರ್ಣೋದ್ಧಾರದಲ್ಲಿ ಬಳಸಿದರು. ಶಿವನ ಪ್ರತಿಷ್ಠೆಯನ್ನು ಹೇಳುವ 1281ರ ತಮಿಳು ಶಾಸನವೂ ಇಲ್ಲಿಯೇ ದೊರೆತದ್ದು. ನಾನು ಹೋದಾಗ ಅಲ್ಲಿ ಅಜ್ಜಿಯರು ಎಂದಿನಂತೆ ಊದುಬತ್ತಿ ಹಚ್ಚುತ್ತಿದ್ದರು. ಆ ಕಂಬಗಳನ್ನು ಬಗ್ಗಿ ನೋಡುತ್ತಿದ್ದವಳು ನಾನೊಬ್ಬಳೇ. ಸಿಂಗಪುರದಿಂದ ಶಿಯಾಮೆನ್‌ಗೆ ನೇರ ವಿಮಾನವಿದೆ, ಅಲ್ಲಿಂದ ವೇಗದ ರೈಲಿನಲ್ಲಿ ಒಂದು ಗಂಟೆಯೊಳಗೆ ಊರು ತಲುಪಬಹುದು.

ಉತ್ತರ, ಬೆಂಗಳೂರಿನಿಂದ:
ಇಬ್ಬರೂ ಬೀಜಿಂಗನ್ನು ಮರೆತಂತಿದೆ. 1420ರ ಸ್ವರ್ಗ ಮಂದಿರದ ಉದ್ಯಾನಕ್ಕೆ ಬೆಳಿಗ್ಗೆ ಬೇಗ ಹೋಗಿ. ನಿಮ್ಮ ವಯಸ್ಸಿನವರೇ ಹಾಡುತ್ತ, ಕುಣಿಯುತ್ತ, ಇಸ್ಪೀಟು ಆಡುತ್ತ ಇರುತ್ತಾರೆ. ಯಾರಾದರೂ ಕೈಸನ್ನೆ ಮಾಡಿ ಕರೆದರೆ ಸಂಕೋಚಪಡಬೇಡಿ. ಅರಮನೆ ಸಂಗ್ರಹಾಲಯಕ್ಕೆ, ಅಂದರೆ ಚಕ್ರವರ್ತಿಗಳ ಹಳೆಯ ಅರಮನೆಗೆ, ಸಾಮಾನ್ಯವಾಗಿ ಸೋಮವಾರ ರಜೆ, ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಮುಂಗಡವಾಗಿ ಕಾಯ್ದಿರಿಸಬೇಕು. ಮಹಾಗೋಡೆಗೆ ಬಾದಾಲಿಂಗ್‌ಗಿಂತ ಮುತಿಯಾನ್‌ಯು ಭಾಗ ಮೇಲು. ರೋಪ್‌ವೇ ಇರುವುದರಿಂದ ಮೊಣಕಾಲಿಗೂ ಶ್ರಮವಿಲ್ಲ.

ಊಟದ ಮಾತು. ತರಕಾರಿಯ ಪಲ್ಯವೆಂದು ಕೊಟ್ಟದ್ದರಲ್ಲಿಯೂ ಹಂದಿಕೊಬ್ಬು ಅಥವಾ ಕೊಚ್ಚಿದ ಮಾಂಸವಿರಬಹುದು. ಮಾಂಸ, ಮೀನು, ಮೊಟ್ಟೆ, ಪ್ರಾಣಿಕೊಬ್ಬು, ಮಾಂಸದ ಸಾರು ಯಾವುದೂ ಬೇಡವೆಂದು ಚೀನೀ ಲಿಪಿಯಲ್ಲಿ ಬರೆಸಿಕೊಂಡ ಚೀಟಿ ಸದಾ ಜೊತೆಗಿರಲಿ. ಬೌದ್ಧ ದೇವಾಲಯಗಳ ಬಳಿಯ ಸಸ್ಯಾಹಾರಿ ಭೋಜನಶಾಲೆಗಳು ನಿಶ್ಚಿಂತೆಯ ಜಾಗ, ಸಾಂಪ್ರದಾಯಿಕವಾದವುಗಳಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ. ರೈಲು, ನಿಲ್ದಾಣ, ಹೋಟೆಲ್ ಎಲ್ಲೆಡೆ ಬಿಸಿನೀರು ದೊರೆಯುತ್ತದೆ. ಆದ್ದರಿಂದ ದಿಢೀರ್ ಉಪ್ಪಿಟ್ಟಿನ ಪೊಟ್ಟಣ, ಅವಲಕ್ಕಿ, ಚಟ್ನಿಪುಡಿ ಒಯ್ದರೆ ಚಿಂತೆ ಅರ್ಧಕ್ಕಿಳಿಯುತ್ತದೆ. ಹಣ ಪಾವತಿಗೆ ಅಲಿಪೇ ಅಥವಾ ವೀಚಾಟ್ ಎಂಬ ಮೊಬೈಲ್ ಆ್ಯಪ್‌ಗೆ ನಿಮ್ಮ ಅಂತರರಾಷ್ಟ್ರೀಯ ಕಾರ್ಡನ್ನು ಇಲ್ಲಿಯೇ ಜೋಡಿಸಿಕೊಳ್ಳಿ. ವಾಟ್ಸ್‌ಆ್ಯಪ್, ಗೂಗಲ್ ಅಲ್ಲಿನ ವೈಫೈಯಲ್ಲಿ ನಡೆಯುವುದಿಲ್ಲ, ಭಾರತದ ಸಿಮ್‌ನ ರೋಮಿಂಗ್ ಇದ್ದರೆ ನಡೆಯುತ್ತವೆ.

ಮರುಪ್ರಶ್ನೆ, ಧಾರವಾಡದಿಂದ:
ಎಲ್ಲರಿಗೂ ವಂದನೆಗಳು. ಶೆನ್‌ಜೆನ್ ಕೈಬಿಟ್ಟೆವು. ದುನ್‌ಹುವಾಂಗ್‌ಗೆ ಯಾವ ತಿಂಗಳು ಒಳ್ಳೆಯದು?

ಉತ್ತರ, ಮೈಸೂರಿನಿಂದ:
ಸೆಪ್ಟೆಂಬರ್ ಒಳ್ಳೆಯದು, ಸರ್. ವಸಂತದಲ್ಲಿ ಮರಳಿನ ಬಿರುಗಾಳಿಯ ಕಾಟ, ಜುಲೈ ಮತ್ತು ಆಗಸ್ಟ್‌ನಲ್ಲಿ ಸುಡುಬಿಸಿಲಿನ ಜೊತೆಗೆ ಶಾಲಾ ರಜೆಯ ಜನಜಂಗುಳಿ. ಅಕ್ಟೋಬರ್ ಒಂದರಿಂದ ಒಂದು ವಾರ ಇಡೀ ದೇಶಕ್ಕೆ ರಜೆಯಿರುವುದರಿಂದ ಅದಕ್ಕೆ ಮೊದಲೇ ಮುಗಿಸಿ. ಮೊಗಾವೋ ಟಿಕೆಟ್ ಕೈಗೆ ಬಂದ ಮೇಲೆ ಅದರ ದಿನಾಂಕಕ್ಕೆ ಹೊಂದಿಸಿ ಷಿಆನ್‌ನ ವಿಮಾನವನ್ನೂ ಹೋಟೆಲನ್ನೂ ಗೊತ್ತುಮಾಡಿಕೊಳ್ಳಿ.